ಗಿಡ್ಡ ಸ್ಟೂಲು

ನವೆಂಬರಿನಲ್ಲಿ ಶೌಲೆಯ್ ಊರಿಗೆ
ನಾಲ್ಕು ಗಂಟೆಗೇ ಕತ್ತಲು.
ನಾಲ್ಕನೇ ಮಹಡಿಯ ನಮ್ಮ ಅಡುಗೆಮನೆಗೆ ಅದು
ಐದು ನಿಮಿಷ ತಡವಾಗಿ ಬರುತ್ತದೆ,
ಲಿಫ್ಟ್ ಕೆಟ್ಟಿದೆಯಲ್ಲ.

ಅಕ್ಕ ಡಾಂಗುವೊಲೆ, ಬಸ್ ಡಿಪೋದಲ್ಲಿ ಟಿಕೆಟ್ಟಿನ ಲೆಕ್ಕ ಬರೆಯುವವಳು,
ಮೆಟ್ಟಿಲ ಕೆಳಗೆ ಯಾರೋ ಬಿಸಾಕಿದ್ದ ಉಗ್ರಾಣದ ಬಾಗಿಲನ್ನು
ಹೆಗಲ ಮೇಲೆ ಹೊತ್ತು ತಂದಳು.
'ಇದರೊಳಗೆ ಒಂದು ಸ್ಟೂಲಿದೆ,
ಹೊರಗೆ ತೆಗೆಯುವುದಷ್ಟೇ ಬಾಕಿ' ಅಂದಳು.

ನನ್ನದು ಒಲೆಯ ಪಾಳಿ.
ರೈ ಹಿಟ್ಟಿಗೆ ಶನಿವಾರವೇ ಹುಳಿ ಹಾಕಿಟ್ಟಿದ್ದೆ;
ಮಲಗಲು ಮನಸ್ಸಿಲ್ಲದ ಮಗುವಿನ ಹಾಗೆ
ರಾತ್ರಿಯಿಡೀ ಬಟ್ಟೆಯಡಿ ಏನೋ ಗೊಣಗುತ್ತಿತ್ತು.
ಈಗ ಒಲೆಯ ಮೇಲೆ ಬೀಟ್‌ರೂಟ್ ಸಾರು,
ಒಂದು ಕೈಲಿ ಸೌಟು, ಇನ್ನೊಂದರಲ್ಲಿ
ಲೈಬ್ರರಿಯಿಂದ ತಂದ ಪತ್ತೇದಾರಿ ಕಾದಂಬರಿ.
ಅವಳು ಗರಗಸ ನಿಲ್ಲಿಸಿದಾಗಲೆಲ್ಲ ನಾನು ಗಟ್ಟಿಯಾಗಿ ಓದಬೇಕು.
ಹಾಗಾಗಿ ಕತೆಯೂ ತುಂಡು ತುಂಡು:
ದೀಪಸ್ತಂಭದ ಕಾವಲುಗಾರ ಸತ್ತುಬಿದ್ದಿದ್ದ, ಗರ್ರ್ ಗರ್ರ್,
ಹೊರಗೆ ಮಳೆ, ಆದರೆ ಅವನ ಬೂಟು, ಗರ್ರ್,
ಒದ್ದೆಯಾಗಿರಲಿಲ್ಲ.

ನಮಗಿಂತ ಮುಂಚೆ ಓದಿದವರ್ಯಾರೋ
ಅಂಚಿಗೆಲ್ಲ ಪೆನ್ಸಿಲಿನಲ್ಲಿ ಬರೆದಿದ್ದಾರೆ.
ನಲವತ್ತನೇ ಪುಟ, ವೈದ್ಯನ ಹೆಸರಿನ ಪಕ್ಕ: 'ಇವನಲ್ಲ.'
ಅರವತ್ತೆರಡು, ವಿಧವೆ: 'ಇವಳೂ ಅಲ್ಲ, ಪಾಪ.'
'ಹಾಳಾದವರು, ಕತೆ ಕೆಡಿಸಿದರು' ಅಂದಳು ಅಕ್ಕ.
ಹೊಸಬ ಯಾರಾದರೂ ಬಾಗಿಲು ತಟ್ಟಿದರೆ ಮಾತ್ರ
'ಪೆನ್ಸಿಲ್ ಏನನ್ನುತ್ತೆ?' ಎಂದು ಅವಳೇ ಕೇಳಿದಳು.

ಸ್ಟೂಲು ನಿಂತಿತು. ನಿಂತಿತು ಅನ್ನುವುದು ದೊಡ್ಡ ಮಾತು,
ಕುಡಿದವನ ಹಾಗೆ ಒಂದು ಕಡೆ ವಾಲಿತು.
ಅಡಿಗೆ ಮಡಚಿದ ಪೇಪರ್ ಇಡು ಅಂದೆ.
ಕೆನ್ನೆಗೆ ಹೊಡೆದಂತೆ ನೋಡಿದಳು.
ಮೂರು ಕಾಲು ಕೊಯ್ದಳು, ನಾಲ್ಕನೆಯದರ ಸಮಕ್ಕೆ.
ಈಗ ನಾಲ್ಕನೆಯದೇ ಉದ್ದ.
ಅದನ್ನೂ ಕೊಯ್ದಳು. ಈಗ ಮೊದಲನೆಯದು.
ಕೆಳಗಿನ ಮನೆಯ ರಿಮ್ಗೌದಾಸ್
ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟಿದರು.
ಅಕ್ಕ ನೆಲಕ್ಕೆ ಬಾಯಿಟ್ಟು ಕೂಗಿದಳು:
'ಇನ್ನೊಂದೇ ಕಾಲು ಕೊಯ್ಯೋದು ಬಾಕಿ!'
ಕೆಳಗೆ ಥಟ್ಟನೆ ಸದ್ದಡಗಿತು.

ನಕ್ಕು ನಕ್ಕು ಸೌಟು ಜಾರಿ
ನೂರ ಹನ್ನೆರಡನೇ ಪುಟಕ್ಕೆ ಸಾರು ಚೆಲ್ಲಿತು,
ಸರಿಯಾಗಿ ಶವ ಸಿಕ್ಕ ಕೋಣೆಯಲ್ಲೇ, ಕೆಂಪಗೆ.

ರೊಟ್ಟಿಯಡಿ ಹಾಸಲು ಬಜೆ ಎಲೆ ಬೇಕು,
ಬೇಸಗೆಯಲ್ಲಿ ಅತ್ತೆಯ ಊರಿನ ಕೆರೆಯಂಚಲ್ಲಿ ಕೊಯ್ದು ಒಣಗಿಸಿದ್ದು.
ಅದನ್ನು ಯಾರು ಹಾಸಬೇಕೆಂದು ಚಿಕ್ಕಂದಿನಲ್ಲಿ
ಜಡೆ ಜಡೆ ಹಿಡಿದು ಕಾದಾಡಿದ್ದೆವು.
ಈಗ ನೀನೇ ಹಾಸು ಅಂದರೆ ನೀನೇ ಹಾಸು.

ಕೊನೆಗೂ ಸ್ಟೂಲು ಅಲ್ಲಾಡದೆ ನಿಂತಾಗ
ಎತ್ತರ ಒಂದು ಗೇಣು, ಮೇಲೆ ನಾಲ್ಕು ಬೆರಳು.
ಬೆಕ್ಕು ಬಂದು ಮೂಸಿ ಹೋಯಿತು.
ಅಕ್ಕ ಕಾಲಿನಿಂದ ಒದ್ದಳು; ಅದು ಜಾರುತ್ತ ಹೋಗಿ
ಓವನ್ನಿನ ಮುಂದೆ ನಿಂತಿತು.

ರೊಟ್ಟಿ ಉಬ್ಬಿತೋ ನೋಡೋಣವೆಂದು ಕೂತೆ.
ಗಾಜಿನಾಚೆ ಪುಟ್ಟ ಹಳದಿ ಬಲ್ಬು,
ಮಂಡಿಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಆ ಬೆಳಕು,
ಬೆನ್ನಿಗೆ ಚಳಿ, ಮುಖಕ್ಕೆ ಶಾಜೀರಿಗೆಯ ಬಿಸಿ.
ಒಂದು ಬೆರಳು ಹೆಚ್ಚಿದ್ದರೂ ಸರಿಹೋಗುತ್ತಿರಲಿಲ್ಲ.
'ಏಳು, ಅದು ನಾನು ಮಾಡಿದ್ದು.'
'ರೊಟ್ಟಿ ನಾನು ಮಾಡಿದ್ದು.'
ಅರ್ಧರ್ಧ ಅಧ್ಯಾಯಕ್ಕೆ ಒಪ್ಪಂದವಾಯಿತು.

ಕೊಲೆಗಾರರು ಯಾರೆಂದು ತಿಳಿಯುವಷ್ಟರಲ್ಲಿ
ರೊಟ್ಟಿಯ ತಳ ಸೀದಿತ್ತು.
ಪೆನ್ಸಿಲ್ ತಪ್ಪಿತ್ತು. ವಿಧವೆಯೇ.
ಪಾಪ ಅಂದವರು ಇಲ್ಲಿಯವರೆಗೆ ಬಂದರೋ ಇಲ್ಲವೋ,
ಕೊನೆಯ ಪುಟದ ಅಂಚು ಖಾಲಿ.

ಮಂಗಳವಾರ ಪುಸ್ತಕ ವಾಪಸ್ಸು ಕೊಡಬೇಕು.
ನೂರ ಹನ್ನೆರಡನ್ನು ಅಕ್ಕ ಬೆಳಕಿಗೆ ಹಿಡಿದು ನೋಡಿ,
ಕಿವಿಗೆ ಸಿಕ್ಕಿಸಿದ್ದ ಬಡಗಿ ಪೆನ್ಸಿಲಿನಲ್ಲಿ
ದಪ್ಪ ದಪ್ಪಗೆ ಬರೆದಳು:
'ರಕ್ತವಲ್ಲ. ಬೀಟ್‌ರೂಟ್.
ಉಪ್ಪು ಕಡಿಮೆ.'